ಮೇಕ್‌ಫೈಲ್ ಬರೆದಿಡಿ, ನೆಮ್ಮದಿಯಾಗಿ ಊರಿಗೆ ಹೋಗಿ

ಪುಣೆಯಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ದೀಪಾವಳಿಗೆ ಅಂತ ಹುಬ್ಬಳ್ಳಿ ಬಸ್ ಹತ್ತಿದ್ದೆ. ಸಾತಾರಾ ದಾಟೋ ಹೊತ್ತಿಗೆ ಆಫೀಸಿಂದ ಫೋನ್: "ಬಿಲ್ಡ್ ಹೇಗೆ ಮಾಡೋದು?" ಏಳು ಕಮಾಂಡ್, ಅವುಗಳ ಕ್ರಮ, ಎಲ್ಲಾ ನನ್ನ ತಲೆಯಲ್ಲೇ ಇತ್ತು. ಹೇಳುವಾಗ ಒಂದು ಹಂತ ಬಿಟ್ಟೆ. ಹಳೇ ಫೈಲೇ ಸರ್ವರ್‌ಗೆ ಹೋಯ್ತು.

ಇದು ಹಳೇ ಕಾಯಿಲೆ. 1976ರಲ್ಲಿ ಬೆಲ್ ಲ್ಯಾಬ್ಸ್‌ನ ಸ್ಟುವರ್ಟ್ ಫೆಲ್ಡ್‌ಮನ್ 'ಮೇಕ್' ಬರೆದದ್ದೂ ಇಂಥದ್ದೇ ಕಾರಣಕ್ಕೆ. ಅವರ ಸಹೋದ್ಯೋಗಿ ಕೋಡ್ ಸರಿಪಡಿಸಿದ್ದರು, ಆದರೆ ಆ ಫೈಲ್ ಮತ್ತೆ ಕಂಪೈಲ್ ಆಗಿರಲಿಲ್ಲ. ಇಲ್ಲದ ತಪ್ಪು ಹುಡುಕ್ತಾ ಒಂದು ಬೆಳಗ್ಗೆಯೇ ಹಾಳಾಯ್ತು.

ಮೇಕ್‌ಫೈಲ್‌ನಲ್ಲಿ ಮೂರು ವಿಷಯ ಬರೀತೀವಿ: ಏನು ತಯಾರಾಗಬೇಕು, ಅದಕ್ಕೆ ಯಾವ ಫೈಲುಗಳು ಬೇಕು, ಯಾವ ಕಮಾಂಡ್ ಓಡಬೇಕು. ಬೇಕಾದ ಫೈಲು ತಯಾರಾಗಿರೋದಕ್ಕಿಂತ ಹೊಸದಾಗಿದ್ರೆ ಮಾತ್ರ ಆ ಕಮಾಂಡ್ ಓಡುತ್ತೆ. ಚಟ್ನಿ ಬದಲಾದ್ರೆ ದೋಸೆ ಹಿಟ್ಟು ಮತ್ತೆ ರುಬ್ಬೋದು ಬೇಡ ಅಲ್ವಾ, ಹಾಗೆ. ಒಂದು ಎಚ್ಚರ: ಕಮಾಂಡ್ ಸಾಲಿನ ಮೊದಲು ಸ್ಪೇಸ್ ಅಲ್ಲ, ಟ್ಯಾಬ್ ಇರಲಿ.

ಆ ಏಳು ಹಂತಗಳನ್ನು ಬರೆದಿಟ್ಟೆ. ಯುಗಾದಿಗೆ ಊರಲ್ಲಿದ್ದಾಗ ಫೋನ್ ಬರಲಿಲ್ಲ. ಟೀಮ್‌ನವರು 'ಮೇಕ್' ಅಂತ ಟೈಪ್ ಮಾಡಿದ್ರು, ಅಷ್ಟೇ.