ಮಹಾಸಭೆಯ ಲೆಕ್ಕ, ವಿಜ್ಞಾನದ ಬಾಳಿಕೆ

ಆಟಿ ತಿಂಗಳು ಬಂತೆಂದರೆ ನಂದಿಕೂರು, ಎಲ್ಲೂರು, ಪಡುಬಿದ್ರಿ ಕಡೆ ಮದುವೆ, ಕೋಲ, ನೇಮಗಳಿಗೆ ಬಿಡುವು. ಮಹಾಸಭೆಗಳಿಗೆ ಅದೇ ಹದವಾದ ಕಾಲ. ಮಾರ್ಚ್ 31ಕ್ಕೆ ಮುಗಿದ ಲೆಕ್ಕ ಅಷ್ಟು ಹೊತ್ತಿಗೆ ಲೆಕ್ಕಪರಿಶೋಧಕರ ಕೈದಾಟಿ ಬಂದಿರುತ್ತದೆ. ಯುವಕ ಮಂಡಲ, ಭಜನಾ ಮಂಡಳಿ, ಸಹಕಾರಿ ಸಂಘ ಎಲ್ಲವೂ ನೋಟಿಸು ಹೊರಡಿಸುತ್ತವೆ. ಅದರ ಒಕ್ಕಣೆ ನಮಗೆಲ್ಲ ಬಾಯಿಪಾಠ: ಕಳೆದ ಮಹಾಸಭೆಯ ನಡಾವಳಿ ಓದಿ ದೃಢೀಕರಿಸುವುದು, ವಾರ್ಷಿಕ ವರದಿ, ಜಮಾಖರ್ಚು ಮಂಡನೆ, ಲೆಕ್ಕಪರಿಶೋಧಕರ ನೇಮಕ, ಪದಾಧಿಕಾರಿಗಳ ಆಯ್ಕೆ, ಕೊನೆಗೆ ಅಧ್ಯಕ್ಷರ ಅನುಮತಿ ಮೇರೆಗೆ ಇತರ ವಿಷಯಗಳು. ಹೆಚ್ಚಿನ ಕಡೆ ನಿಜವಾದ ಚರ್ಚೆ ಶುರುವಾಗುವುದೇ ಆ ಕೊನೆಯ ಬಾಬಿನಲ್ಲಿ.

ವಿಜ್ಞಾನ ಸಂಘವೆಂದರೆ ಉಪನ್ಯಾಸ, ದೂರದರ್ಶಕ, ಪ್ರದರ್ಶನ ಎಂದಷ್ಟೇ ನಾವು ತಿಳಿದಿದ್ದೇವೆ. ಆದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಅದಕ್ಕೂ ಯುವಕ ಮಂಡಲಕ್ಕೂ ಒಂದೇ ನಿಯಮ. ಕನಿಷ್ಠ 7 ಮಂದಿ ಸೇರಬೇಕು, ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಕರೆಯಬೇಕು, ಪದಾಧಿಕಾರಿಗಳ ಪಟ್ಟಿ ಮತ್ತು ಪರಿಶೋಧಿತ ಲೆಕ್ಕಪತ್ರವನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕು. ಈ ಒಣ ಕೆಲಸದಲ್ಲೇ ವಿಜ್ಞಾನ ಸಂಘದ ಆಯುಷ್ಯ ಇದೆಯೆಂಬುದು ನನ್ನ ನಂಬಿಕೆ. ಅದಕ್ಕೆ ಸಾಕ್ಷಿ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ.

ಸಿ. ವಿ. ರಾಮನ್ 1934ರಲ್ಲಿ ಅದನ್ನು ಕಟ್ಟಿದ್ದೂ ಒಂದು ನೋಂದಾಯಿತ ಸಂಘವಾಗಿಯೇ. ಮೊದಲ ಸದಸ್ಯರು 65 ಮಂದಿ. ಅದೇ ವರ್ಷದ ಜುಲೈಯಲ್ಲಿ ಸಂಘದ ಸಂಶೋಧನಾ ಪತ್ರಿಕೆಯೂ ಹೊರಬಂತು. ದೇಶಕ್ಕೊಂದು ವಿಜ್ಞಾನ ಅಕಾಡೆಮಿ ಯಾವ ರೂಪದಲ್ಲಿರಬೇಕೆಂಬ ವಾದ ಆಗ ಬಿಸಿಯಾಗಿತ್ತು. ಮರುವರ್ಷವೇ ಕಲ್ಕತ್ತೆಯಲ್ಲಿ ಇನ್ನೊಂದು ರಾಷ್ಟ್ರೀಯ ಸಂಸ್ಥೆ ತಲೆಯೆತ್ತಿತು. ರಾಮನ್ ತಮ್ಮ ಪತ್ರಿಕೆಯನ್ನು ಬಿಡಲಿಲ್ಲ, ವರ್ಷಾವಧಿ ಸಭೆಯನ್ನೂ ಬಿಡಲಿಲ್ಲ. ಒಂದೊಂದು ವರ್ಷ ಒಂದೊಂದು ಊರಿನ ವಿಶ್ವವಿದ್ಯಾಲಯದ ಆತಿಥ್ಯದಲ್ಲಿ ಸಭೆ ನಡೆಸುವ ಪರಿಪಾಠ ಬೆಳೆಯಿತು. ಹಗಲು ಹೊಸ ಸದಸ್ಯರ ಉಪನ್ಯಾಸ, ಸಂಜೆ ಊರವರಿಗಾಗಿ ಸಾರ್ವಜನಿಕ ಭಾಷಣ. ನಡುವೆ ಸದಸ್ಯರಷ್ಟೇ ಕೂರುವ ವ್ಯವಹಾರ ಸಭೆ. ಹಣ, ಪತ್ರಿಕೆ, ಆಯ್ಕೆ ಎಲ್ಲ ತೀರ್ಮಾನವಾಗುವುದು ಅಲ್ಲಿ.

1970ರ ನವೆಂಬರ್. ಪ್ರಯೋಗಾಲಯದಲ್ಲಿ ಕುಸಿದುಬಿದ್ದ ರಾಮನ್ ಹಾಸಿಗೆ ಹಿಡಿದಿದ್ದರು. ಸಾಯುವ ಎರಡು ದಿನ ಮುಂಚೆ ಹಳೆಯ ಶಿಷ್ಯರೊಬ್ಬರಿಗೆ ಅವರು ಹೇಳಿದ್ದು ಅಕಾಡೆಮಿಯ ಪತ್ರಿಕೆಗಳನ್ನು ಸಾಯಗೊಡಬೇಡಿ ಎಂದು. ದೇಶದಲ್ಲಿ ವಿಜ್ಞಾನ ಬೇರು ಬಿಡುತ್ತಿದೆಯೋ ಇಲ್ಲವೋ ಎಂಬುದನ್ನು ಅವೇ ತೋರಿಸುತ್ತವೆ ಎಂಬುದು ಅವರ ಮಾತಿನ ಸಾರ. ಅದೇ ಸಂಜೆ ಮಲಗುವ ಕೋಣೆಗೇ ತಮ್ಮ ಸಂಶೋಧನಾ ಸಂಸ್ಥೆಯ ಆಡಳಿತ ಮಂಡಳಿಯನ್ನು ಕರೆಸಿ, ಮುಂದಿನ ಆಡಳಿತದ ವಿಷಯ ಚರ್ಚಿಸಿದರು. ನೊಬೆಲ್ ಪಡೆದ ವಿಜ್ಞಾನಿಯ ಕೊನೆಯ ಕೆಲಸಗಳಲ್ಲಿ ಒಂದು ಮಂಡಳಿ ಸಭೆ! ಆ ಪ್ರಸಂಗ ಓದಿದಾಗಲೆಲ್ಲ ನನಗೆ ಅವರ ಮೇಲಿನ ಗೌರವ ಹೆಚ್ಚುತ್ತದೆ.

36 ವರ್ಷ ರಾಮನ್ ಒಬ್ಬರೇ ಅಕಾಡೆಮಿಯ ಅಧ್ಯಕ್ಷರಾಗಿದ್ದರು. ಅವರ ನಂತರ ಅಧ್ಯಕ್ಷರ ಅವಧಿ ಮೂರು ವರ್ಷವೆಂದಾಯಿತು, ಎಂ. ಜಿ. ಕೆ. ಮೆನನ್, ಸತೀಶ್ ಧವನ್, ಸಿ. ಎನ್. ಆರ್. ರಾವ್ ಮೊದಲಾದವರು ಸರದಿಯಂತೆ ಬಂದರು. ಪತ್ರಿಕೆ ನಿಲ್ಲಲಿಲ್ಲ. ಕಟ್ಟಿದವರು ಹೋದ ಮೇಲೂ ಸಂಘ ಉಳಿಯುವುದು ಹೀಗೆ.

ನಮ್ಮ ಸೀಮೆಗೂ ಈ ದಾರಿ ಹೊಸದಲ್ಲ. ನಂದಿಕೂರಿನ ಮಗ್ಗುಲಲ್ಲೇ ಇರುವ ಅದಮಾರಿನ ಮಠದ ವಿಬುಧೇಶ ತೀರ್ಥರು ಉಡುಪಿಯಲ್ಲಿ ಪೂರ್ಣಪ್ರಜ್ಞ ಕಾಲೇಜು ಕಟ್ಟಿಸಿದರು. ಆ ಕಾಲೇಜಿನ ಹವ್ಯಾಸಿ ಖಗೋಳ ವೀಕ್ಷಕರ ಸಂಘ ಜಿಲ್ಲೆಯ ಜನರಿಗೆ ಆಕಾಶ ತೋರಿಸುತ್ತಿದೆ. ಮಠದ ಶಿಕ್ಷಣ ಮಂಡಳಿಯದೇ ಸಂಶೋಧನಾ ಸಂಸ್ಥೆಯೊಂದು ದೇವನಹಳ್ಳಿ ಬಳಿಯ ಬಿದಲೂರಿನಲ್ಲಿದೆ.

ನಂದಿಕೂರಿಗೆ ವಿಜ್ಞಾನ ದೂರದ ನಕ್ಷತ್ರಕ್ಕಷ್ಟೇ ಸಂಬಂಧಿಸಿದ್ದಲ್ಲ. ಪಕ್ಕದ ಎಲ್ಲೂರಿನಲ್ಲಿ 1200 ಮೆಗಾವಾಟ್‌ನ ಕಲ್ಲಿದ್ದಲು ಸ್ಥಾವರವಿದೆ. ಅದರ ವಿರುದ್ಧ ನಂದಿಕೂರಿನ ಜನಜಾಗೃತಿ ಸಮಿತಿ ವರ್ಷಗಟ್ಟಲೆ ಕಾನೂನು ಹೋರಾಟ ನಡೆಸಿತು. 2022ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಸುಮಾರು 52 ಕೋಟಿ ರೂಪಾಯಿ ಪರಿಸರ ಪರಿಹಾರಕ್ಕೆ ಆದೇಶಿಸಿತು. ಆ ಸಮಿತಿ ವಿಜ್ಞಾನ ಸಂಘವಲ್ಲ, ನಿಜ. ಆದರೆ ಇಂಥ ವ್ಯಾಜ್ಯದಲ್ಲಿ ಬೇಕಾಗುವುದು ಅಳತೆ, ತಾರೀಕು, ಕಡತ. ಶಂಕರಪುರದ ಮಲ್ಲಿಗೆ ಗಿಡದ ಎಲೆಯ ಮೇಲೆ ಬೂದಿ ಕೂತಿದೆ ಎಂದರೆ ಸಾಲದು. ಎಷ್ಟು ಕೂತಿತು, ಯಾವ ತಿಂಗಳು, ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು ಎಂಬುದನ್ನು ಹತ್ತು ವರ್ಷ ಬಿಡದೆ ಬರೆದಿಟ್ಟ ಪುಸ್ತಕ ಬೇಕು. ಉತ್ಸಾಹಿ ಮೇಷ್ಟ್ರೊಬ್ಬರಿಗೆ ವರ್ಗವಾದರೆ ಅಂಥ ಪುಸ್ತಕ ಅಲ್ಲಿಗೇ ನಿಲ್ಲುತ್ತದೆ. ಸಂಘದ ಕಾರ್ಯದರ್ಶಿಯ ವಶದಲ್ಲಿದ್ದರೆ ಮುಂದಿನ ಕಾರ್ಯದರ್ಶಿಯ ಕೈಗೆ ದಾಟುತ್ತದೆ.

ಕಾಪು ತಾಲ್ಲೂಕಿನ ವಿಜ್ಞಾನ ಶಿಕ್ಷಕರು, ಮಲ್ಲಿಗೆ ಬೆಳೆಗಾರರು, ಕಾಲೇಜು ಹುಡುಗರು ಸೇರಿ ಬರುವ ಆಟಿಯಲ್ಲೇ ಇಂಥದೊಂದು ಸಂಘ ನೋಂದಾಯಿಸಬೇಕು. ಮೊದಲ ಸಭೆಯ ನೋಟಿಸಿನಲ್ಲಿ ಮೂರು ವಿಷಯ ಇರಲಿ: ಮಳೆ ಮತ್ತು ದೂಳಿನ ವಾರದ ದಾಖಲೆ ಯಾರ ವಶ, ಸದಸ್ಯರ ವಾರ್ಷಿಕ ವಂತಿಗೆ ಎಷ್ಟು, ಅಧ್ಯಕ್ಷರ ಅವಧಿ ಎಷ್ಟು ವರ್ಷ. ಇವನ್ನು ಇತರ ವಿಷಯಗಳ ಬಾಬಿಗೆ ತಳ್ಳದೆ ಮೊದಲೇ ಚರ್ಚಿಸಿ ನಡಾವಳಿ ಪುಸ್ತಕದಲ್ಲಿ ಬರೆದು ಸಹಿ ಹಾಕಲಿ.