ಕಾಕ್ಲಿಯರ್ ಇಂಪ್ಲಾಂಟ್ ಪಡೆದವರಿಗೂ ಸಂಗೀತದ ಸವಿ

ಭಜನೆ, ಯಕ್ಷಗಾನ, ಸುಗಮ ಸಂಗೀತಗಳಿಲ್ಲದೆ ಮುಂಬಯಿ ಕನ್ನಡಿಗರ ವರ್ಷ ಪೂರ್ಣಗೊಳ್ಳದು. ಆದರೆ ಕಾಕ್ಲಿಯರ್ ಇಂಪ್ಲಾಂಟ್ ಪಡೆದ ಹಿರಿಯರೋ ಮಕ್ಕಳೋ ಇಂತಹ ಕಾರ್ಯಕ್ರಮಗಳಿಂದ ದೂರ ಉಳಿಯುವುದುಂಟು. ಮಾತು ಕೇಳಿಸುವವರಿಗೆ ಹಾಡೇಕೆ ಹಿತವಾಗದು ಎಂದು ಮನೆಯವರು ಅಚ್ಚರಿಪಡುತ್ತಾರೆ. ಕಾರಣವನ್ನು ಅರಿತರೆ ಪರಿಹಾರದ ದಾರಿಯೂ ತೋರುತ್ತದೆ.

ಶ್ರವಣಯಂತ್ರವು ಸದ್ದನ್ನು ಹೆಚ್ಚಿಸಿ ಕಿವಿಗೆ ನೀಡುತ್ತದೆ. ಇಂಪ್ಲಾಂಟ್ ಹಾಗಲ್ಲ, ಸದ್ದನ್ನು ವಿದ್ಯುತ್ ಸಂಕೇತವಾಗಿಸಿ ನೇರವಾಗಿ ಶ್ರವಣನರಕ್ಕೆ ತಲಪಿಸುತ್ತದೆ. ಆರೋಗ್ಯವಂತ ಒಳಗಿವಿಯಲ್ಲಿ ಒಳಸಾಲಿನ ಸುಮಾರು 3,500 ರೋಮಕೋಶಗಳು ಮಾಡುವ ಕೆಲಸವನ್ನು ಇಲ್ಲಿ ಸಾಮಾನ್ಯವಾಗಿ 12ರಿಂದ 22 ಎಲೆಕ್ಟ್ರೋಡುಗಳು ನಿರ್ವಹಿಸಬೇಕು. ಒಂದರ ವಿದ್ಯುತ್ತು ನೆರೆಯದರ ವಲಯಕ್ಕೂ ಹರಡುತ್ತದೆ. ಆದುದರಿಂದ ಮಾತಿಗೆ ಸಾಕಾಗುವ ಸಂಕೇತವು ಸ್ವರಗಳ ಸೂಕ್ಷ್ಮ ಅಂತರಕ್ಕೆ ಸಾಲದು. ಷಡ್ಜ, ರಿಷಭಗಳು ಒಂದೇ ಎನಿಸಬಹುದು. ತಂಬೂರಿ, ಹಾರ್ಮೋನಿಯಂ, ಪಿಟೀಲು ಕೂಡಿದಾಗ ಗದ್ದಲವೆನಿಸಬಹುದು. ಲಯ ಮಾತ್ರ ಬಹುಮಟ್ಟಿಗೆ ಉಳಿಯುತ್ತದೆ. ಭಾಗವತರ ರಾಗ ಮಸುಕಾದರೂ ಚೆಂಡೆ, ಮದ್ದಳೆಗಳ ಪೆಟ್ಟಿನ ಓಟವನ್ನು ಅವರು ಅನುಸರಿಸಬಲ್ಲರು.

ಹೀಗಾಗಿ ಧ್ವನಿವರ್ಧಕದ ಸದ್ದನ್ನು ಏರಿಸುವುದರಿಂದ ಪ್ರಯೋಜನವಿಲ್ಲ, ಸಂಗೀತವನ್ನು ಸರಳಗೊಳಿಸಬೇಕು. ಒಂದು ಕಂಠ, ಒಂದು ತಾಳವಾದ್ಯ, ಪರಿಚಿತ ಹಾಡು: ಆರಂಭಕ್ಕೆ ಇಷ್ಟು ಸಾಕು. ಹಾಡಿನ ಸಾಹಿತ್ಯ ಕೈಯಲ್ಲಿರಲಿ. ಗಾಯಕರ ತುಟಿ ಕಾಣುವಂತಹ ಆಸನ ದೊರೆಯಲಿ. ಮನೆಯಲ್ಲಾದರೆ ಪ್ರತಿಧ್ವನಿಯಿಲ್ಲದ ಕೋಣೆಯಲ್ಲಿ, ಸೌಲಭ್ಯವಿದ್ದರೆ ಮೊಬೈಲಿನಿಂದ ನೇರವಾಗಿ ಯಂತ್ರಕ್ಕೇ ಹಾಡನ್ನು ಕಳುಹಿಸಬಹುದು. ಇನ್ನೊಂದು ಕಿವಿಯಲ್ಲಿ ಅಲ್ಪಸ್ವಲ್ಪ ಶ್ರವಣ ಉಳಿದಿದ್ದರೆ ಅದಕ್ಕೆ ಶ್ರವಣಯಂತ್ರ ತೊಡಿಸುವುದು ಸ್ವರ ಗುರುತಿಸಲು ಅನೇಕರಿಗೆ ನೆರವಾಗುತ್ತದೆ.

ಹಿಂದೆ ಕೇಳಿಸುತ್ತಿದ್ದ ಹಿರಿಯರು ಹಳೆಯ ಇಂಪಿನೊಡನೆ ಹೋಲಿಸಿ ನಿರಾಶರಾಗುವುದು ಸಹಜ. ನೆನಪಿನಲ್ಲಿರುವ ಹಾಡನ್ನೇ ಮತ್ತೆ ಮತ್ತೆ ಆಲಿಸಿದರೆ ಕ್ರಮೇಣ ಮೆದುಳು ಹೊಸ ಸಂಕೇತಕ್ಕೆ ಒಗ್ಗುತ್ತದೆ. ಹುಟ್ಟುಕಿವುಡ ಮಕ್ಕಳಿಗೆ ಅಂತಹ ಹೋಲಿಕೆಯೇ ಇಲ್ಲ. ಅವರು ಕುಣಿದು, ಚಪ್ಪಾಳೆ ತಟ್ಟಿ ಆನಂದಿಸಬಲ್ಲರು.

ಯಂತ್ರದಲ್ಲಿ ಸಂಗೀತಕ್ಕೆ ತಕ್ಕ ಹೊಂದಾಣಿಕೆ ಸಾಧ್ಯವೇ ಎಂದು ಶ್ರವಣತಜ್ಞರನ್ನು ಕೇಳುವುದು ಒಳಿತು. ನಮ್ಮ ಬಾಂದ್ರಾದಲ್ಲೇ 1983ರಲ್ಲಿ ಸ್ಥಾಪನೆಗೊಂಡ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಯಿದೆ; ಊರಿನ ಕಡೆಯವರಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ.

ಉಳಿದುದು ನಮ್ಮ ಕೈಯಲ್ಲಿದೆ. ಮುಂದಿನ ಭಜನೆಯಂದು ಅಂತಹ ಮಗುವನ್ನು ಹಿಂದಿನ ಸಾಲಿನಲ್ಲಿ ಕೂರಿಸದೆ, ಮುಂದೆ ಕರೆದು ಅದರ ಕೈಗೊಂದು ತಾಳ ಕೊಡೋಣ.