ಹಾವೇರಿ ಲೋಕಸಭಾ ಕಣ: ಹವಾಮಾನ ಬದಲಾವಣೆಗೆ ಪ್ರಣಾಳಿಕೆಗಳ ಉತ್ತರವೇನು?

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳನ್ನು ಒಳಗೊಂಡ ಹಾವೇರಿ ಲೋಕಸಭಾ ಕ್ಷೇತ್ರವು 2023ರ ಬರದ ಬೆನ್ನಲ್ಲೇ, 2024ರ ಮೇ 7ರಂದು ಮತ ಚಲಾಯಿಸಿತು.

ಬಸವರಾಜ ಬೊಮ್ಮಾಯಿ ಅವರನ್ನು ಇಲ್ಲಿ ಕಣಕ್ಕಿಳಿಸಿದ ಬಿಜೆಪಿಯು ತನ್ನ ಪ್ರಣಾಳಿಕೆಯಲ್ಲಿ ಮನೆಯ ಚಾವಣಿಯ ಸೌರವಿದ್ಯುತ್ತಿಗೆ ಒತ್ತು ನೀಡಿದರೆ, ಆನಂದಸ್ವಾಮಿ ಗಡ್ಡದೇವರಮಠ ಅವರನ್ನು ಕಣಕ್ಕಿಳಿಸಿದ ಕಾಂಗ್ರೆಸ್ಸು ಸ್ವತಂತ್ರ ಹವಾಮಾನ ಪ್ರಾಧಿಕಾರವನ್ನೂ, 2070ರೊಳಗೆ ‘ನಿವ್ವಳ ಶೂನ್ಯ’ವನ್ನು, ಅಂದರೆ ಹೊರಸೂಸಿದಷ್ಟೇ ಇಂಗಾಲವನ್ನು ಹೀರಿಕೊಳ್ಳುವ ಸಮತೋಲನವನ್ನು, ಸಾಧಿಸಲು ಹಸಿರು ನಿಧಿಯನ್ನೂ ಪ್ರಸ್ತಾಪಿಸಿತು.

ಇವು ರಾಷ್ಟ್ರಮಟ್ಟದ ಭರವಸೆಗಳಾದ್ದರಿಂದ, 2019ರಲ್ಲಿ ವನ್ಯಜೀವಿಧಾಮವಾದ ಕಪ್ಪತಗುಡ್ಡದ ರಕ್ಷಣೆ, ಎರೆಹೊಲದ ಹಿಂಗಾರಿ ಕಡಲೆ-ಜೋಳ, ತುಂಗಭದ್ರೆಯ ನೀರೆತ್ತುವ ಸಿಂಗಟಾಲೂರು ಯೋಜನೆ, ಕ್ಷೇತ್ರದ ಈ ಮೂರು ಸ್ಥಳೀಯ ವಿಷಯಗಳ ಒರೆಗಲ್ಲಿಗೆ ಅವುಗಳನ್ನು ತಿಕ್ಕಿ ನೋಡಬೇಕಾಗುತ್ತದೆ.

ಮತ ಕೇಳಲು ಬರುವ ಪ್ರತಿಯೊಬ್ಬ ಅಭ್ಯರ್ಥಿಯನ್ನೂ, ಪಕ್ಷ ಯಾವುದೇ ಇರಲಿ, ಮತದಾರರು ಹಣವೆಷ್ಟು, ಗಡುವು ಯಾವಾಗ, ಹೊಣೆ ಯಾರದು ಎಂದು ಪ್ರಶ್ನಿಸಲಿ.